ಸಾರಿನ ಹುಳಿಗೆ ಸಾಕ್ಷಿ

ಡೊಂಬಿವಲಿ ಪೂರ್ವ
೬ ಆಗಸ್ಟ್ ೨೦೧೬

ಪ್ರೀತಿಯ ರಿತೇಶಣ್ಣ,

ಈ ಸಲ ಕಾಗದ ಬರೆಯುತ್ತಿದ್ದೇನೆ. ನಿಮ್ಮ ಪೇಜಿನಲ್ಲಿ ಕೇಳಿದರೆ ನಿಮಗಿಂತ ಮೊದಲು ಬೇರೆಯವರೇ ಉತ್ತರ ಕೊಟ್ಟುಬಿಡುತ್ತಾರೆ. ಇನ್‌ಬಾಕ್ಸಿಗೆ ಕಳಿಸಿದ್ದನ್ನು ನೀವು ತೆರೆದೇ ಇಲ್ಲ. ನಿಮ್ಮ ವಿಳಾಸ ಪೇಜಿನಲ್ಲೇ ಸಿಕ್ಕಿತು, ಹೋಟೆಲಿನವರು ಸ್ಯಾಂಪಲ್ ಕಳಿಸಲಿ ಅಂತ ನೀವೇ ಹಾಕಿದ್ದು.

ನಾನು ಅನಘ, ಇಲ್ಲಿಯ ಫ್ಯಾಕ್ಟರಿಗಳ ಎಂಐಡಿಸಿಯಲ್ಲಿ ಹೋಟೆಲಿಟ್ಟು ಚಾತುರ್ಮಾಸ್ಯದ ಊಟ ಕೊಡುವ ಪುಂಡರೀಕಾಕ್ಷ ರಾಯರ ಮಗಳು. ನಿಮ್ಮ ಫ್ಯಾನ್ ಕೂಡ. ನಿಮ್ಮ ಹೋಟೆಲ್ ರಿವ್ಯೂಗಳನ್ನು ಕ್ಯಾಂಟೀನಿನಲ್ಲಿ ಓದಿ ಹೇಳಿ ಎಲ್ಲರನ್ನೂ ನಗಿಸಿದವಳು, ನಿಮ್ಮನ್ನು ಬೈದವರ ಜೊತೆ ಥ್ರೆಡ್ಡಿನಲ್ಲಿ ಜಗಳಕ್ಕೆ ಇಳಿದವಳು. ಆ ದಿನ ನೀವು ನಮ್ಮ ಹೋಟೆಲಿಗೇ ಬಂದಾಗ ನನಗೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಮಾರನೇ ದಿನ ನೀವು ಬರೆದಿರಿ: ‘ಬೋರ್ಡಿನಲ್ಲಿ ವ್ರತದ ಊಟ, ಸಾರಿನಲ್ಲಿ ಹುಣಸೆಹಣ್ಣು. ಅಜ್ಜ ಅಜ್ಜಿಯರ ಕಣ್ಣಿಗೆ ಮಣ್ಣು.’

ಶಾಕವ್ರತದ ತಿಂಗಳಲ್ಲಿ ಅಪ್ಪ ಹುಣಸೆಯನ್ನು ಅಡುಗೆಮನೆಯ ಒಳಗೇ ತರುವುದಿಲ್ಲ. ತರಕಾರಿ ಇಲ್ಲ, ಮೆಣಸಿನಕಾಯಿ ಇಲ್ಲ. ಹೆಸರುಬೇಳೆ, ಕಾಳುಮೆಣಸು, ಹುಳಿಗೆ ಒಣಮಾವಿನ ಪುಡಿ. ವ್ರತಕ್ಕೆ ಮಾವು ಆಗುತ್ತದೆ. ಆ ಅಡುಗೆಯನ್ನು ಅಪ್ಪ ಬೇರೆಯವರ ಕೈಗೆ ಬಿಟ್ಟವರಲ್ಲ, ಮಿಂದು ಮಡಿಯುಟ್ಟು ಅವರೇ ಮಾಡುವುದು.

ನಿಮ್ಮ ಪೋಸ್ಟಿನ ಸ್ಕ್ರೀನ್‌ಶಾಟ್ ಎಲ್ಲ ಬಿಲ್ಡಿಂಗಿನ ಭಜನೆ ಗ್ರೂಪಿಗೂ ಹೋಯಿತು. ಮೊದಲು ಬಂದವರು ನಳಿನಾಕ್ಷಿ ಅಜ್ಜಿ. ಒಬ್ಬರೇ ಇರುವವರು, ನಾಲ್ಕು ತಿಂಗಳೂ ನಮ್ಮಲ್ಲೇ ಊಟ. ತೊಳೆದ ಟಿಫಿನ್ ಕ್ಯಾರಿಯರ್ ಮೇಜಿನ ಮೇಲಿಟ್ಟು, “ನಿನ್ನ ಮೇಲೆ ಸಿಟ್ಟಿಲ್ಲ ಮಾರಾಯಾ. ಆದ್ರೆ ಈ ಪ್ರಾಯದಲ್ಲಿ ನನ್ನ ವ್ರತ ಕೆಟ್ರೆ ನಾನು ಯಾರ ಹತ್ರ ಹೋಗಿ ಕೇಳುದು?” ಅಂದರು. ಅಪ್ಪ ಮಾವಿನ ಪುಡಿಯ ಡಬ್ಬಿ ತೆರೆದು ಅಜ್ಜಿಯ ಮೂಗಿನ ಹತ್ತಿರ ಹಿಡಿದರು. ಅಜ್ಜಿ ಮೂಸಲಿಲ್ಲ. “ಡಬ್ಬಿ ಸರಿಯೇ ಉಂಟು” ಅಂದು ಹೋದರು.

ಆ ಡಬ್ಬಿಯ ಫೋಟೋವನ್ನು ನಾನು ನಿಮ್ಮ ಪೋಸ್ಟಿನ ಕೆಳಗೆ ಹಾಕಿದೆ. ಒಬ್ಬ ಬರೆದ: “ಫೋಟೋ ಇವತ್ತಿಂದು, ಸಾರು ಅವತ್ತಿಂದು. ಚಲ್ ಹಟ್.” ಅದಕ್ಕೆ ಎಷ್ಟು ಜನ ನಕ್ಕರು ಅಂತ ನೀವು ನೋಡಿರಬೇಕು. ಬೇರೆಯವರ ಹೋಟೆಲಿನ ವಿಷಯಕ್ಕೆ ನಾನೂ ಹೀಗೇ ನಕ್ಕದ್ದಿದೆ.

ಕಡೆಗೆ ಕಲ್ಯಾಣ ಕೋರ್ಟಿನ ವಕೀಲೆ ವನಮಾಲಾ ಮೇಡಂ ಹತ್ತಿರ ಹೋದೆವು. ಗಿರಾಕಿ ಬರೆದದ್ದು ಮಾನಹಾನಿ ಆಗುತ್ತದಾ ಅಂತ ಅಪ್ಪ ಕೇಳಿದರು. ಮೇಡಂ ಧಾರವಾಡ ಕಡೆಯವರು. “ಸಾರು ಕೆಟ್ಟದಾಗಿತ್ತು ಅಂದ್ರ ಅದು ಅವನ ನಾಲಿಗಿ, ಕೇಸ್ ಆಗಂಗಿಲ್ರಿ. ಹುಣಸಿ ಹಾಕ್ಯಾರ ಅಂದ್ರ ಅದು ಸಂಗತಿ. ಸುಳ್ಳಿದ್ರ ಆಗ್ತದ. ಆದ್ರ ರಾಯರ, ಆ ಸಾರು ಈಗ ಎಲ್ಲೈತಿ?” ಅಂದರು.

“ಎಲ್ಲರೂ ಉಂಡಾಯ್ತಲ್ಲ ಮೇಡಂ” ಅಂದರು ಅಪ್ಪ. ಮೇಡಂ ನಗುತ್ತಾರೆ ಅಂದುಕೊಂಡೆ, ನಗಲಿಲ್ಲ.

ಈಗ ಅಪ್ಪ ಸಾರಿಗೆ ಹುಳಿಯನ್ನೇ ಹಾಕುತ್ತಿಲ್ಲ. ಊಟ ಬಿಡದೆ ಉಳಿದ ನಾಲ್ಕೈದು ಜನ ಸಪ್ಪೆ ಅಂತ ಗೊಣಗುತ್ತಾರೆ. ನಿನ್ನೆ ಸೌಟಿನಲ್ಲಿ ಒಂದಿಷ್ಟು ಅಂಗೈಗೆ ಹಾಕಿಕೊಂಡು ನೆಕ್ಕಿ, “ಮಗಾ, ನೀನೊಮ್ಮೆ ನೋಡು. ಹುಣಸೆ ಹಾಗೆ ಬರ್ತದಾ?” ಅಂದರು. ತಮ್ಮ ಕೈಯ ಅಡುಗೆಯನ್ನು ನನ್ನ ಹತ್ತಿರ ಕೇಳುತ್ತಿದ್ದಾರೆ ರಿತೇಶಣ್ಣ.

ಪೋಸ್ಟ್ ತೆಗೆಯಿರಿ ಅಂತ ಕೇಳಲೂ ಹೆದರಿಕೆ. ತೆಗೆದರೆ ದುಡ್ಡು ಕೊಟ್ಟು ತೆಗೆಸಿದರು ಅನ್ನುತ್ತಾರೆ, ಇಟ್ಟರೆ ನಿಜವೇ ಅನ್ನುತ್ತಾರೆ. ಸೋಮವಾರ ಮೇಡಂ ನೋಟಿಸು ಕಳಿಸುತ್ತಾರೆ. ಅವರು ಕೇಳಿದ್ದು ಒಂದೇ: ಆ ಹುಡುಗ ಬರೆಯುವ ಮೊದಲು ಹೋಟೆಲಿನಲ್ಲಿ ಯಾರನ್ನಾದರೂ ವಿಚಾರಿಸಿದನಾ? ಅಪ್ಪ ಇಲ್ಲ ಅಂದರು. ‘ಯಾರನ್ನೂ ವಿಚಾರಿಸದೆ’ ಅನ್ನುವ ಮಾತು ನೋಟಿಸಿನಲ್ಲಿ ಎರಡು ಕಡೆ ಇದೆ. ಮೇಡಂ ಪ್ರಕಾರ ಕೇಸಿನ ಜೀವ ಇರುವುದು ಅಲ್ಲೇ. ನಾನು ಪಕ್ಕದಲ್ಲೇ ಕೂತಿದ್ದೆ.

ಇನ್ನೂ ನಿಮ್ಮ ಪೇಜನ್ನು ಅನ್‌ಫಾಲೋ ಮಾಡಲಾಗದ,
ಅನಘ

ಮತ್ತೊಂದು ಮಾತು: ನೀವು ವಿಚಾರಿಸಿದ್ದಿರಿ. ಕೈ ತೊಳೆದು ಬಂದು, ಗಲ್ಲೆಯಲ್ಲಿ ಬಿಲ್ಲಿನ ದುಡ್ಡು ತೆಗೆದುಕೊಳ್ಳುತ್ತ ಕೂತಿದ್ದ ನನ್ನನ್ನು, “ಸಾರಿಗೆ ಹುಳಿ ಎಂತದ್ದು, ಹುಣಸೆಯಾ?” ಅಂತ ಕೇಳಿದಿರಿ. ನನಗೆ ಆಗ ಗೊತ್ತಿರಲಿಲ್ಲ, ಮೇಲೆ ಬರೆದದ್ದೆಲ್ಲ ಆಮೇಲೆ ಅಪ್ಪನಿಂದ ತಿಳಿದದ್ದು. ಡೊಂಬಿವಲಿಯಲ್ಲೇ ಹುಟ್ಟಿದ ನಾನು ವ್ರತದ ಅಡುಗೆ ಉಂಡಿದ್ದೇನೆ, ಅದಕ್ಕೆ ಯಾವುದು ಆಗುತ್ತದೆ ಯಾವುದು ಆಗುವುದಿಲ್ಲ ಅಂತ ಒಂದು ದಿನವೂ ಕೇಳಿದವಳಲ್ಲ. ಗೊತ್ತಿಲ್ಲ ಅಂತ ನಿಮ್ಮ ಎದುರು ಹೇಳಲು ನಾಚಿಕೆಯಾಗಿ, “ಹೌದು, ಊರಿನ ಹಳೇ ಹುಣಸೆ” ಅಂದುಬಿಟ್ಟೆ. ಇದು ಅಪ್ಪನಿಗೂ ಗೊತ್ತಿಲ್ಲ, ಮೇಡಂಗೂ ಗೊತ್ತಿಲ್ಲ. ನೀವು ಇಷ್ಟು ದಿನ ಥ್ರೆಡ್ಡಿನಲ್ಲಿ ಯಾಕೆ ಹೇಳಲಿಲ್ಲವೋ ಅದೂ ನನಗೆ ಗೊತ್ತಿಲ್ಲ. ನೋಟಿಸಿಗೆ ಉತ್ತರವಾಗಿ ನನ್ನ ಹೆಸರು ಒಂದು ಬರೆದರೆ ಸಾಕು, ನಿಮ್ಮ ಮೇಲೆ ಕೇಸು ನಿಲ್ಲುವುದಿಲ್ಲ. ಆದರೆ ಇಂಗ್ಲಿಷಿನಲ್ಲಿ ಬರುವ ಆ ಉತ್ತರವನ್ನು ಅಪ್ಪನಿಗೆ ಓದಿ ಹೇಳಬೇಕಾದವಳು ನಾನು. ಬರೆಯುತ್ತೀರಾ?