ಇವತ್ತ ನೀ ಮೊದಲ ಉಣ್ಣು

ನೀಲಾ,

ಶೇಂಗಾ ನೋಡಾಕ ಡಂಬಳಕ್ಕ ಹೊಂಟೀನಿ, ಬರೂದು ಸಂಜಿ ಆಗತೈತಿ. ನಿನಗ ಚಲೋ ನಿದ್ದಿ ಹತ್ತಿತ್ತು, ಎಬ್ಬಿಸಲಿಲ್ಲ.

ಸಕ್ಕರಿ ಗುಳಿಗಿ ತಗೊಂಡು ನನ್ನ ದಾರಿ ನೋಡಕೋತ ಕುಂಡ್ರಬ್ಯಾಡ, ಉಣ್ಣು. ಮೊನ್ನಿ ತಲಿ ತಿರುಗಿ ಬಿದ್ದದ್ದು ಅದಕ್ಕ. ಡಾಕ್ಟರು "ಜೀವನಶೈಲಿ ಬದಲ ಮಾಡ್ರಿ" ಅಂದ್ರ ನೀ ಬರೇ ಚಹಾದಾಗಿನ ಸಕ್ಕರಿ ಬಿಟ್ಟಿ. ಗಂಡ ಉಂಡಮ್ಯಾಲೆ ಉಣ್ಣೂದು ಬಿಡಲಿಲ್ಲ. ಅದೂ ಜೀವನಶೈಲಿನ ಅಲ್ಲೇನ, ತಾಯಿ?

ಇವತ್ತ ರೊಟ್ಟಿ ನಾನ ಬಡಿದೀನಿ. ನಗಬ್ಯಾಡ. ಎಲ್ಲಾ ಸೊಟ್ಟ ಆಗ್ಯಾವ, ಒಂದ ದುಂಡಗ ಬಂದೈತಿ, ಅದು ನಿನಗ. ಪುಂಡಿಪಲ್ಯ ಒಲಿ ಬಾಜೂಕ ಐತಿ.

ಉಂಡ ತಾಟ ತೊಳಿಬ್ಯಾಡ, ಹಂಗ ಇಡು. ನಾ ಹಸಗೊಂಡ ಬರ್ತೀನಿ. ಆ ತಾಟ ನೋಡಿದಮ್ಯಾಲೇ ಉಣ್ಣಾಕ ಕುಂಡ್ರಾಂವ.

ಚನ್ನವೀರ