ಈರಮ್ಮ ನುಂಗಿದ ಹೆಸರು

ಕುಮಟಾ
೧೪ ನವೆಂಬರ್ ೧೯೬೬

ಮನೆಯವರಿಗೆ,

ಎರಡು ವರ್ಷದಿಂದ ಮನೆಗೆ ಕಾಲಿಡದವರನ್ನೂ ಹೀಗೇ ಕರೆಯಬೇಕಲ್ಲ ಎಂದು ನಗು ಬರುತ್ತದೆ. ನಾನು ಕ್ಷೇಮ. ನಿಮ್ಮ ಕ್ಷೇಮ ವಾರಪತ್ರಿಕೆಯ ಫೋಟೋದಲ್ಲೇ ಕಂಡಿತು. ಕೋಟು ಹೊಸದು.

ಹೆಡ್‌ಮಾರ್ಕ್ ಸಾಹೇಬರ ಜೀವನಚರಿತ್ರೆ ಪುಸ್ತಕವಾಗುತ್ತಿದೆ, ನಿನ್ನ ಊರು ತದಡಿಯ ಅಧ್ಯಾಯಕ್ಕೆ ಸವಿನೆನಪುಗಳನ್ನು ಬರೆದು ಕಳಿಸು ಎಂದಿದ್ದೀರಿ. ಕಳಿಸುತ್ತಿದ್ದೇನೆ. ಸವಿ ಇಲ್ಲ, ನೆನಪು ಮಾತ್ರ ಇದೆ.

ಪತ್ರಿಕೆಯಲ್ಲಿ ನೀವು ಅವರ ಬಗ್ಗೆ ಬರೆದದ್ದನ್ನೆಲ್ಲ ಓದಿದೆ. ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ. ಸ್ವೀಡನ್ನಿನ ಯಾವುದೋ ಮೂಲೆಯ ರೈಲ್ವೆ ಗುಮಾಸ್ತನ ಮಗ ಕಾಲೇಜು ಅರ್ಧಕ್ಕೆ ಬಿಟ್ಟು ಪತ್ರಿಕೆ ಸೇರಿದ್ದು, ರಾಜರಾಣಿಯರ ಇತಿಹಾಸವನ್ನು ಗಾಡಿ ಹೊಡೆಯುವವನಿಗೂ ತಿಳಿಯುವಂತೆ ಬರೆದದ್ದು, ಇದೆಲ್ಲ ಅಜ್ಜಿಕಥೆ ಎಂದು ಪ್ರೊಫೆಸರರು ಮೂಗು ಮುರಿದದ್ದು, ಭಾನುವಾರ ರೇಡಿಯೋದಲ್ಲಿ ಅವರ ಮಾತು ಕೇಳಲು ಜನ ಊಟವನ್ನೇ ತಡ ಮಾಡುತ್ತಿದ್ದದ್ದು. ಕಳೆದ ವರ್ಷ ಅವರು ತೀರಿಕೊಂಡಾಗ ಪುಸ್ತಕದ ಅಂಗಡಿಗಳು ಬಾಗಿಲು ಹಾಕಿದ್ದವಂತೆ. ಓದಿ ನನ್ನ ಕಣ್ಣೂ ಒದ್ದೆಯಾಯಿತು. ನಮ್ಮ ಜಗಲಿಯಲ್ಲಿ ಕಾಲು ಮಡಚಲು ಬಾರದೆ ಒದ್ದಾಡುತ್ತ ಗಂಜಿ ಉಂಡ ಮನುಷ್ಯ. ಅವರ ಮೇಲೆ ನನಗೆ ಸಿಟ್ಟಿಲ್ಲ. ಇರುವ ಸಿಟ್ಟೆಲ್ಲ ನಿಮ್ಮ ಮೇಲೆ.

'ಮೀನು ಮಾರುವ ಮುದುಕಿಯೊಬ್ಬಳು ಹಾಡಿದಳು' ಎಂದು ಬರೆದಿದ್ದೀರಿ. ಯಾವ ಮುದುಕಿ? ನಿಮ್ಮ ಅತ್ತೆ ಈರಮ್ಮ, ನನ್ನ ಆಯಿ. ಜ್ವರ ಬಂದು ಮಲಗಿದಾಗ ನಿಮ್ಮ ವಾಂತಿ ಬಳಿದವಳು. ಅವಳಿಗೊಂದು ಹೆಸರು ಬರೆಯಲು ನಿಮ್ಮ ಪೆನ್ನಿನಲ್ಲಿ ಮಸಿ ಇರಲಿಲ್ಲವೇ?

ಐವತ್ತೊಂಬತ್ತರ ಚಳಿಗಾಲ. ಮೆಣಸಿನ ಹಡಗುಗಳ ಪುಸ್ತಕಕ್ಕಾಗಿ ಸಾಹೇಬರಿಗೆ ನಮ್ಮ ಅಳಿವೆಯ ಹಾಡು ಬೇಕಿತ್ತು. ಅವರ ದುಭಾಷಿಯಾಗಿ ಬಂದವರು ನೀವು. ಪರದೇಶದ ಹಡಗೊಂದು ಊರಿನ ಅಕ್ಕಿ ದೋಣಿಗಳನ್ನು ಹಿಡಿದಿಟ್ಟಾಗ, ದಾರಿ ತೋರಿಸುತ್ತೇನೆಂದು ಅದನ್ನು ಹತ್ತಿ, ಬೇಕೆಂದೇ ಮರಳ ದಿಬ್ಬಕ್ಕೆ ಏರಿಸಿ ಅಲ್ಲೇ ಪ್ರಾಣ ಬಿಟ್ಟ ದಾಸನ ಹಾಡು. ಅವನು ಅಪ್ಪನ ಮನೆತನದ ಹಿರಿಯ. ಅಪ್ಪನಿಗೂ ಅದೇ ಹೆಸರು. ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಆಯಿ ನಂಬಿದವಳು. ಅದಕ್ಕೇ ಆ ಸಾಲು ಬಂದಾಗ ಅವಳು ಸುಮ್ಮನಾಗುತ್ತಿದ್ದಳು, ಜೊತೆಯ ಹೆಂಗಸರು ಹೆಸರನ್ನು ಎತ್ತಿಕೊಳ್ಳುತ್ತಿದ್ದರು. ನಾನು ಹುಟ್ಟಿದಾಗಿನಿಂದ ಹಾಡು ಕೇಳಿದ್ದೇ ಹಾಗೆ. ನೀವೂ ಕೇಳಿದ್ದೀರಿ.

ಆ ದಿನ ಟೇಪ್ ಯಂತ್ರಕ್ಕೆ ಒಂದೇ ದನಿ ಸಾಕೆಂದು ಜೊತೆಗೆ ಹಾಡುವ ಮಂಜಿ, ಸೋಮಿ ಎಲ್ಲರನ್ನೂ ನೀವೇ ಅಂಗಳದ ಆಚೆ ಅಟ್ಟಿದಿರಿ. ಸಾಲು ಬಂತು. ಆಯಿ ಹಿಂದೆ ತಿರುಗಿದಳು, ಎತ್ತಿಕೊಳ್ಳಲು ಯಾರೂ ಇಲ್ಲ. ಗಾಬರಿಯಲ್ಲಿ 'ತಿಮ್ಮ' ಎಂದುಬಿಟ್ಟಳು. ಬಾಗಿಲ ಹಿಂದೆ ನಿಂತು ನಾನು ಕೇಳಿದೆ. ಹೆಸರು ತಿಮ್ಮನೇ ಹೌದೋ ಎಂದು ಸಾಹೇಬರು ನಿಮ್ಮನ್ನು ಕೇಳಿದರು. ನೀವು ತಲೆಯಾಡಿಸಿದಿರಿ.

ಯಾಕೆಂದು ನನಗೆ ಗೊತ್ತು. ಕುಮಟಾ ಪೇಟೆಯ ದೊಡ್ಡ ಮನೆತನದವನು ಎಂದು ಅವರ ಹತ್ತಿರ ಹೇಳಿಕೊಂಡಿದ್ದಿರಿ. ವಿವರಿಸಲು ಹೋದರೆ ಮಾವ, ಅತ್ತೆ, ಮೀನಿನ ಬುಟ್ಟಿ ಎಲ್ಲ ಹೊರಗೆ ಬೀಳುತ್ತಿತ್ತು. ಚಹಾ ತಂದ ನನ್ನನ್ನು 'ಈ ಮನೆಯ ಹುಡುಗಿ' ಎಂದಿರಿ. ಅಷ್ಟು ಇಂಗ್ಲಿಷ್ ನನಗೂ ಬರುತ್ತಿತ್ತು.

ಪುಸ್ತಕ ಬಂತು, ದೇಶದೇಶಕ್ಕೆ ಹೋಯಿತು. ಈಗ ನನ್ನ ಶಾಲೆಯ ಮಕ್ಕಳೂ ತಿಮ್ಮನ ದಿಬ್ಬ ಎನ್ನುತ್ತಾರೆ. ಮೊದಲು ಅಪ್ಪ ನಕ್ಕ. ತಿಮ್ಮ ಆದ್ರೆ ಎಂತ, ದಾಸ ಆದ್ರೆ ಎಂತ, ದಿಬ್ಬ ಅಲ್ಲೇ ಅದೆ ಅಂದ. ಆಮೇಲೆ ಹೊನ್ನಾವರದ ಬಂದರದಲ್ಲಿ ಯಾರೋ, ಅದು ನಿಮ್ಮವರ ಹಾಡಲ್ಲವಂತೆ, ಪುಸ್ತಕದಲ್ಲೇ ಬಂದಿದೆ ಎಂದರಂತೆ. ಮನೆಗೆ ಬಂದ ಅಪ್ಪ ಊಟ ಮಾಡಲಿಲ್ಲ. ಅಳಿಯಂಗೆ ಒಂದ್ ಮಾತ್ ಬರಿ ಮಗಾ, ಅವ್ನೇ ಸರಿ ಮಾಡ್ತಾ ಅಂದ. ನಿಮ್ಮ ಮೇಲೆ ಅಷ್ಟು ನಂಬಿಕೆ ಅವನಿಗೆ. ಬರೆದೆ. ಒಂದು ಹೆಸರಿಗಾಗಿ ಸಾಹೇಬರನ್ನು ಮುಜುಗರಕ್ಕೆ ಹಾಕಬೇಡ ಎಂದು ಉತ್ತರ ಕೊಟ್ಟಿರಿ. ಈಗ ಸಾಹೇಬರಿಲ್ಲ. ಇನ್ನು ಮುಜುಗರ ಯಾರಿಗೆ?

ಹೆಸರಿಲ್ಲದವರಿಗೆ ಸಾಹೇಬರು ಹೆಸರು ಕೊಟ್ಟರು ಎಂದು ಹೊಗಳಿದ್ದೀರಿ. ನಮಗೆ ಹೆಸರಿತ್ತು, ನೀವು ಕಳೆದಿರಿ. ಪುಸ್ತಕ ಅಚ್ಚಿಗೆ ಹೋಗುವ ಮೊದಲು ತಿದ್ದಿ. 'ಹಾಡಿದವಳು ನನ್ನ ಅತ್ತೆ ಈರಮ್ಮ, ಹಾಡಿನವನು ದಾಸ, ತಿಳಿದೂ ತಲೆಯಾಡಿಸಿದವನು ನಾನು' ಎಂದು ಬರೆಯಿರಿ. ನೀವು ಬರೆಯದಿದ್ದರೆ ಪ್ರಕಾಶಕರಿಗೂ ಪತ್ರಿಕೆಗೂ ನಾನು ಬರೆಯುತ್ತೇನೆ. ಮಕ್ಕಳಿಗೆ ತಪ್ಪು ತಿದ್ದುವುದೇ ನನ್ನ ಕೆಲಸ.

ತದಡಿಯ ದಾಸನ ಮಗಳು,
ಮಂಗಲಾ

ತಾ.ಕ.: ಹೋದ ವಾರ ಆಯಿ ಆ ಹಾಡನ್ನು ಒಬ್ಬಳೇ ಹಾಡಿದಳು, ದಾಸ ಎಂದೇ ಹಾಡಿದಳು. ಸೋಮಿ ಓಡಿಹೋಗಿ ಅವಳ ಬಾಯಿ ಮುಚ್ಚಲು ನೋಡಿದಳು. ಆತು ಬಿಡೇ, ಇನ್ ಕಡ್ಮೆ ಆಗೂಕೆ ಎಂತ ಉಳ್ದದೆ ಎಂದಳಂತೆ ಆಯಿ. ಶ್ರಾವಣದ ನೂಲು ಹುಣ್ಣಿಮೆ ಕಳೆದು ಕಡಲಿಗಿಳಿದ ಅಪ್ಪನ ದೋಣಿ ಮಾತ್ರ ದಡಕ್ಕೆ ಬಂದಿತ್ತು. ನಿಮಗೆ ತಂತಿ ಕೊಟ್ಟಿದ್ದೆ. ನೀವು ಬರಲಿಲ್ಲ. ಇಷ್ಟು ದಿನ ಅಪ್ಪ ಬರುತ್ತಾನೆಂದು ಆಯಿ ಹೆಸರು ನುಂಗಿಕೊಂಡೇ ಕಾದಳು.

ನಾನೂ ಅವಳ ಮಗಳೇ. ಇಷ್ಟು ವರ್ಷ ನಿಮ್ಮ ಹೆಸರು ಬರೆಯಬಾರದೆಂದು ವಿಳಾಸವನ್ನು ನಮ್ಮ ಹೆಡ್‌ಮಾಸ್ತರರ ಕೈಯಲ್ಲಿ ಬರೆಸುತ್ತಿದ್ದೆ. ಈ ಸಲ ಲಕೋಟೆಯ ಮೇಲೆ ಇರುವುದು ನನ್ನ ಅಕ್ಷರ, ನೋಡಿ. ಪತ್ರಿಕೆಯಲ್ಲಿ ಅಚ್ಚಾಗುವ ಹೇಮಂತ ಕುಮಟಾಕರ ಎಂದಲ್ಲ. ನಮ್ಮಂಥ ಮೀನುಗಾರರ ಮನೆಯಲ್ಲಿ ನಿಮಗಿಟ್ಟ ಹೆಸರು, ಹಮ್ಮ ಬೊಮ್ಮ ಹರಿಕಂತ್ರ ಎಂದು ಪೂರ್ತಿ ಬರೆದಿದ್ದೇನೆ.