ಎರಡನೆಯ ಮೈಕು

ಪ್ರೀತಿಯ ಅಮ್ಮನಿಗೆ,

ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಈ ಪತ್ರ.

ವಿಡಿಯೊ ಮಾಡುವವರ ಸಮ್ಮೇಳನ ಚೆನ್ನಾಗಿ ನಡೆಯುತ್ತಿದೆ. ನಿನ್ನೆ ಮೂರು ಗೋಷ್ಠಿಗಳಲ್ಲಿ ಕೂತೆ. ಮೂರನೆಯದು ಧ್ವನಿಯ ಬಗ್ಗೆ. ವೇದಿಕೆಯಲ್ಲಿ ನಾಲ್ವರು, ಕೆಳಗೆ ಸುಮಾರು ಇನ್ನೂರು ಜನ. ಪ್ರಶ್ನೆಗಳ ಸರದಿ ಬಂದಾಗ ನಾನು ಎದ್ದು, "ಹೊಲಿಗೆ ಮಷೀನ್ ರಿಪೇರಿ ತೋರಿಸ್ತೀನಿ. ಹಿಂದಿನಿಂದ ಬರೋ ಶಬ್ದ ತಡೆಯೋದು ಹೇಗೆ?" ಎಂದು ಕೇಳಿದೆ.

ಮುಂದಿನ ಸಾಲಿನಲ್ಲಿದ್ದ, ಟೋಪಿ ಹಾಕಿದ್ದ ಒಬ್ಬರು ತಿರುಗಿ ನೋಡಿದರು. "ಅಯ್ಯೋ, ನೀವಾ? ನಿಮ್ಮ ವಿಡಿಯೊ ಎಲ್ಲಾ ನೋಡ್ತೀನಿ. ಹಿಂದಿನಿಂದ 'ಅದಲ್ಲ ಕಣೇ, ಎಡಗಡೆ ಸ್ಕ್ರೂ' ಅಂತಿದ್ರಲ್ಲ ಅಮ್ಮ, ಅವರೆಲ್ಲಿ? ಎರಡು ತಿಂಗಳಿಂದ ಕೇಳಿಸ್ತಾನೇ ಇಲ್ಲ. ಹುಷಾರಾಗಿದ್ದಾರೆ ತಾನೆ?"

ಇನ್ನೂ ನಾಲ್ಕೈದು ಜನ ಅದನ್ನೇ ಕೇಳಿದರು. ನಲವತ್ತು ವರ್ಷ ಬಟ್ಟೆ ಹೊಲಿದ ನೀನು ರೆಕಾರ್ಡಿಂಗ್ ಮುಗಿಯುವವರೆಗೆ ಹೊರಗೆ ಕೂತು ಕೆಮ್ಮನ್ನೂ ತಡೆದುಕೊಳ್ಳುವುದು ನೆನಪಾಯಿತು. "ಗಲಾಟೆ ಆಗತ್ತೆ ಅಂತ ನಾನೇ ಮೆಟ್ಟಿಲ ಹತ್ರ ಕೂರಿಸ್ತೀನಿ" ಎಂದೆ. ಸಭೆಗೆ ಸಭೆಯೇ ನಕ್ಕಿತು. ವೇದಿಕೆಯಲ್ಲಿದ್ದ ಸೌಂಡ್ ಎಂಜಿನಿಯರ್ ಮಾತ್ರ ನಗದೆ, "ಮೊದಲು ಅವರನ್ನ ಒಳಗೆ ಕರೀರಿ. ಶಬ್ದದ ವಿಷಯ ಆಮೇಲೆ ನೋಡೋಣ" ಎಂದರು.

ಭಾನುವಾರ ಮಧ್ಯಾಹ್ನ ಬರುತ್ತೇನೆ. ಇಲ್ಲಿನ ಮಳಿಗೆಯಲ್ಲಿ ಇನ್ನೊಂದು ಮೈಕು ಕೊಂಡಿದ್ದೇನೆ, ಬಟ್ಟೆಗೆ ಸಿಕ್ಕಿಸಿಕೊಳ್ಳುವಂಥದ್ದು. ಅದು ನಿನಗೆ. ನಿನ್ನ ಕುರ್ಚಿಯನ್ನು ಒಳಗೆ ತಂದು ಮಷೀನಿನ ಪಕ್ಕ ಹಾಕಿಕೊಂಡಿರು. ಬೈಯುವುದನ್ನೆಲ್ಲ ಈಗಲೇ ಬೈದು ಮುಗಿಸಬೇಡ, ರೆಕಾರ್ಡಿಂಗಿಗೆ ಸ್ವಲ್ಪ ಉಳಿಸಿಕೋ.

ಅವತ್ತು ನೀನು ಹೇಳಿದ್ದೇ ಸರಿ.

ಇಂತಿ,
ಬಲಗಡೆ ಸ್ಕ್ರೂ ತಿರುಗಿಸಿದ ನಿನ್ನ ಮಗಳು